ಕರಿಬೇವಿನ ಹುಳುವನ್ನು ಕೊಲ್ಲಬೇಡಿ, ಮಗುವಿಗೆ ತೋರಿಸಿ

ಕರಿಬೇವಿನ ಗಿಡದಲ್ಲಿ ಹುಳು ಕಂಡರೆ ನಮ್ಮಲ್ಲಿ ಎರಡೇ ದಾರಿ. ಒಂದೋ ಬೇವಿನೆಣ್ಣೆ ಸ್ಪ್ರೇ, ಇಲ್ಲಾ ಚಪ್ಪಲಿ. ಈಚೆಗೆ ಮೂರನೆಯದೂ ಶುರುವಾಗಿದೆ. ಶಾಲೆಯಲ್ಲಿ ಚಿಟ್ಟೆಯ ಪ್ರಾಜೆಕ್ಟ್ ಕೊಟ್ಟ ತಕ್ಷಣ ಹುಳುವನ್ನು ಉಪ್ಪಿನಕಾಯಿ ಬಾಟಲಿಗೆ ಹಾಕಿ, ಮುಚ್ಚಳಕ್ಕೆ ಮೊಳೆಯಲ್ಲಿ ತೂತು ಹೊಡೆದು, ಅಂಗಡಿ ಕರಿಬೇವು ತುರುಕಿ ಟಿವಿ ಪಕ್ಕ ಇಡುವುದು. ಎರಡು ದಿನಕ್ಕೆ ಹುಳು ಸತ್ತಿರುತ್ತದೆ, ಮಗು ಅಳುತ್ತಿರುತ್ತದೆ, ಕೊನೆಗೆ ಅಪ್ಪ ಸ್ಟೇಷನರಿ ಅಂಗಡಿಯಿಂದ ಚಾರ್ಟ್ ತಂದು ಅಂಟಿಸುತ್ತಾರೆ. ಅಕ್ಕಪಕ್ಕದ ಮನೆಗಳಲ್ಲಿ ಇದನ್ನೇ ನೋಡಿ ನೋಡಿ ಸಾಕಾಗಿದೆ. ಹುಳುವನ್ನು ಮನೆಯೊಳಗೆ ತರಬೇಡಿ. ಮಗುವನ್ನು ಗಿಡದ ಹತ್ತಿರ ಕಳಿಸಿ, ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ.

1. ಗಿಡ

ಕುಂಡದಲ್ಲಿ ಕರಿಬೇವು ಅಥವಾ ನಿಂಬೆ. ಎರಡಿದ್ದರೆ ಒಳ್ಳೆಯದು, ಯಾಕೆಂದರೆ ಸಣ್ಣ ಗಿಡವನ್ನು ಮೂರ್ನಾಲ್ಕು ಹುಳುಗಳು ಪೂರ್ತಿ ಬೋಳು ಮಾಡಿಬಿಡುತ್ತವೆ, ಆಮೇಲೆ ಒಗ್ಗರಣೆಗೂ ಇಲ್ಲ, ಹುಳುವಿಗೂ ಇಲ್ಲ. ನರ್ಸರಿಯಿಂದ ಈಗಷ್ಟೇ ತಂದ ಗಿಡ ಬೇಡ. ಅದಕ್ಕೆ ಔಷಧಿ ಹೊಡೆದಿರಬಹುದು. ಹೊಸ ಚಿಗುರು ಬರುವವರೆಗೆ ಕಾಯಿರಿ.

2. ಮೊಟ್ಟೆ ಹುಡುಕುವುದು

ಎಳೆ ಚಿಗುರಿನ ಮೇಲೆ ರಾಗಿ ಕಾಳಿನಷ್ಟು, ತಿಳಿ ಹಳದಿ ಬಣ್ಣದ್ದು, ಬಿಡಿ ಬಿಡಿಯಾಗಿ ಇರುತ್ತದೆ. ಮಳೆಗಾಲದಲ್ಲಿ ಜಾಸ್ತಿ. ಸಿಗದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಸೀದಾ ಹುಳುವನ್ನೇ ಹುಡುಕಿ.

3. ಹುಳು

ಮೊದಮೊದಲು ಅದು ಹುಳುವಿನ ಹಾಗೆ ಕಾಣುವುದೇ ಇಲ್ಲ. ಕಪ್ಪು ಕಂದು ಮೈ, ನಡುವೆ ಬಿಳಿ ಮಚ್ಚೆ, ಥೇಟ್ ಹಕ್ಕಿ ಹಿಕ್ಕೆ. ಹಕ್ಕಿಗಳಿಗೆ ಮೋಸ ಮಾಡೋಕೆ ಈ ವೇಷ. ನಾಲ್ಕು ಸಲ ಪೊರೆ ಬಿಟ್ಟ ಮೇಲೆ ಹಸಿರಾಗುತ್ತದೆ, ಬೆರಳು ಗಾತ್ರಕ್ಕೆ ಬೆಳೆಯುತ್ತದೆ. ಇದು ಕಂಬಳಿಹುಳು ಅಲ್ಲ, ಕೂದಲಿಲ್ಲ, ಮುಟ್ಟಿದರೆ ತುರಿಕೆ ಬರುವುದಿಲ್ಲ. ಮೆಲ್ಲಗೆ ಒಂದು ಹುಲ್ಲುಕಡ್ಡಿ ತಾಗಿಸಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬು ಹೊರಗೆ ಚಾಚುತ್ತದೆ, ಜೊತೆಗೆ ಘಾಟು ವಾಸನೆ. ಮಕ್ಕಳು ಇದನ್ನು ಒಮ್ಮೆ ನೋಡಿದರೆ ಮತ್ತೆ ಮತ್ತೆ ಚುಚ್ಚೋಕೆ ಹೋಗುತ್ತಾರೆ, ದಿನಕ್ಕೆ ಒಂದೇ ಸಲ ಅಂತ ಕಡ್ಡಾಯ ಮಾಡಿ.

ಅಂಗಡಿ ಕರಿಬೇವು ಹಾಕಲೇಬೇಡಿ. ನಮಗೆ ತೊಳೆದು ತಿಂದರೆ ಏನೂ ಅನಿಸದಷ್ಟು ಔಷಧಿ ಉಳಿದಿದ್ದರೂ ಹುಳುವಿಗೆ ಅಷ್ಟು ಸಾಕು.

4. ಪರದೆ

ಗಿಡಕ್ಕೆ ಪೂರ್ತಿಯಾಗಿ ಸೊಳ್ಳೆ ಪರದೆ ಬಟ್ಟೆಯ ಚೀಲ ಹಾಕಿ, ಕುಂಡದ ಕಂಠಕ್ಕೆ ದಾರ ಕಟ್ಟಿ. ಔಷಧಿ ಸೇರಿಸಿದ ಸೊಳ್ಳೆ ಪರದೆ ಬರುತ್ತದಲ್ವಾ, ಅದು ಬೇಡ, ಹುಳುವೇ ಸಾಯುತ್ತದೆ. ಆನ್‌ಲೈನಲ್ಲಿ ಬಣ್ಣಬಣ್ಣದ ಮಡಚುವ ಚಿಟ್ಟೆ ಪಂಜರ ಸಿಗುತ್ತದೆ, ಒಂದು ಗಾಳಿಗೆ ಮಗುಚಿ ಬೀಳುತ್ತದೆ. ಸುಮ್ನೆ ದುಡ್ಡು ದಂಡ. ಟೈಲರ್ ಹತ್ತಿರ ಮೂರು ಹೊಲಿಗೆ ಹಾಕಿಸಿ, ಆಯಿತು.

5. ಎಲ್ಲರೂ ಎಡವುವ ಜಾಗ

ಎರಡು ಮೂರು ವಾರ ತಿಂದು ತಿಂದು ಬೆಳೆದ ಹುಳು ಒಂದು ದಿನ ಇದ್ದಕ್ಕಿದ್ದಂತೆ ತಿನ್ನುವುದನ್ನು ಬಿಡುತ್ತದೆ. ಗಟ್ಟಿ ಹಿಕ್ಕೆಯ ಬದಲು ನೀರು ನೀರಾಗಿ ಹಾಕುತ್ತದೆ. ಮೈ ಕುಗ್ಗುತ್ತದೆ. ಗಿಡ ಬಿಟ್ಟು ಎಲ್ಲೆಲ್ಲೋ ಹರಿದಾಡುತ್ತದೆ. ‘ಹುಳುಗೆ ಹುಷಾರಿಲ್ಲ’ ಅಂತ ಮನೆಯವರೆಲ್ಲ ಸೇರಿ ಅದನ್ನು ಹಿಡಿದು ಹಿಡಿದು ಎಲೆ ಮೇಲೆ ಕೂರಿಸುತ್ತಾರೆ. ಬಿಡಿ ಅದನ್ನು. ಅದಕ್ಕೆ ಈಗ ಎಲೆ ಬೇಡ, ಕೋಶವಾಗೋಕೆ, ಅಂದರೆ ಚಿಟ್ಟೆಯಾಗುವ ಮುಂಚೆ ಗಟ್ಟಿ ಕವಚದೊಳಗೆ ಕೂರೋಕೆ, ಜಾಗ ಬೇಕು. ಪರದೆಯೊಳಗೆ ಮುಂಚೆಯೇ ಎರಡು ಮೂರು ಒಣ ಕಡ್ಡಿ ನೆಟ್ಟಗೆ ಚುಚ್ಚಿಟ್ಟಿರಿ.

ಜಾಗ ಸಿಕ್ಕ ಮೇಲೆ ಬಾಲವನ್ನು ರೇಷ್ಮೆಯ ಗಂಟಿಗೆ ಸಿಕ್ಕಿಸಿ, ಬೆನ್ನ ಸುತ್ತ ಒಂದೆಳೆ ದಾರ ಹಾಕಿಕೊಂಡು, ಕಂಬ ಹತ್ತಿದ ಲೈನ್‌ಮನ್ ಬೆಲ್ಟಿಗೆ ಒರಗಿ ನಿಂತ ಹಾಗೆ ಓರೆಯಾಗಿ ನಿಲ್ಲುತ್ತದೆ. ಹೆಚ್ಚುಕಡಿಮೆ ಒಂದು ದಿನ ಹಾಗೇ ಇರುತ್ತದೆ. ಆ ದಿನ ಕುಂಡ ಎತ್ತಿಡುವುದು, ಅಲುಗಾಡಿಸುವುದು, ಮುಟ್ಟುವುದು ಯಾವುದೂ ಬೇಡ. ಆ ದಾರ ಕಡಿದರೆ ಹುಳು ಜೋತುಬಿದ್ದು ಕೋಶ ಸೊಟ್ಟಗಾಗುತ್ತದೆ. ಆಮೇಲೆ ಕೊನೆಯ ಪೊರೆ ಕಳಚುತ್ತದೆ, ಒಳಗಿನಿಂದ ಕೋಶ ಕಾಣುತ್ತದೆ. ಹಸಿರು ಕಾಂಡದ ಮೇಲಾದರೆ ಸಾಮಾನ್ಯವಾಗಿ ಹಸಿರು, ಒಣ ಕಡ್ಡಿಯ ಮೇಲಾದರೆ ಕಂದು.

ಅಕಸ್ಮಾತ್ ಕೋಶ ಕಳಚಿ ನೆಲಕ್ಕೆ ಬಿದ್ದರೆ ಎಸೆಯಬೇಡಿ. ಪರದೆಯ ಬುಡಕ್ಕೆ ಒರಗಿಸಿ ಇಡಿ. ಹೊರಬಂದ ಚಿಟ್ಟೆಗೆ ಹಿಡಿದು ಮೇಲೆ ಹತ್ತೋಕೆ ಏನಾದರೂ ಸಿಕ್ಕರೆ ಸಾಕು.

6. ಕಾಯುವುದು

ಬೆಚ್ಚಗಿನ ದಿನಗಳಲ್ಲಿ ಸುಮಾರು 10 ದಿನ, ಚಳಿಗಾಲದಲ್ಲಿ ಇನ್ನೂ ಜಾಸ್ತಿ.

7. ಚಿಟ್ಟೆ ಹೊರಬರುವ ಬೆಳಿಗ್ಗೆ

ಹಿಂದಿನ ದಿನ ಕೋಶ ಕಪ್ಪಾಗಿ ಒಳಗಿನ ರೆಕ್ಕೆಯ ಚಿತ್ತಾರ ಕಾಣುತ್ತದೆ. ಆಗ ಮಗುವಿಗೆ ಹೇಳಿ, ನಾಳೆ ಬೇಗ ಏಳು ಅಂತ. ಸಾಮಾನ್ಯವಾಗಿ ಬೆಳಗಿನ ಹೊತ್ತೇ ಬರುತ್ತದೆ. ರೆಕ್ಕೆ ಒದ್ದೆ ಮುದ್ದೆಯಾಗಿರುತ್ತದೆ. ಅದು ಜೋತುಬಿದ್ದು ಮೈಯಲ್ಲಿರುವ ದ್ರವವನ್ನು ರೆಕ್ಕೆಗೆ ತುಂಬಿಸಬೇಕು, ಅದಕ್ಕೇ ಕೆಳಗೆ ಜಾಗ ಬೇಕು ಅನ್ನುವುದು. ಬಾಟಲಿಯಲ್ಲಿ ಇಟ್ಟವರ ಚಿಟ್ಟೆ ಜನ್ಮಪೂರ್ತಿ ಮುದುರಿದ ರೆಕ್ಕೆಯಲ್ಲೇ ಉಳಿಯುತ್ತದೆ. ಕಷ್ಟಪಡುತ್ತಿದೆ ಅಂತ ಕೋಶ ಬಿಡಿಸೋಕೆ ಹೋಗಬೇಡಿ. ಕೆಂಪು ಕಂದು ಹನಿ ಬಿದ್ದರೆ ಅದು ರಕ್ತ ಅಲ್ಲ, ಕೋಶದೊಳಗೆ ಕೂಡಿದ್ದ ಕಸ. ಒಂದೆರಡು ಗಂಟೆ ಬಿಟ್ಟು ಪರದೆ ತೆಗೆಯಿರಿ. ಕಪ್ಪಿನ ಮೇಲೆ ಹಳದಿ ಚುಕ್ಕೆ, ಹಿಂದಿನ ರೆಕ್ಕೆಯಲ್ಲಿ ಕೆಂಪು ಮಚ್ಚೆ ಇದ್ದರೆ ನಿಂಬೆ ಚಿಟ್ಟೆ. ಬಾಲವಿದ್ದು ಬಿಳಿ ಚುಕ್ಕೆಯ ಸಾಲಿದ್ದರೆ ಕಾಮನ್ ಮಾರ್ಮನ್.

ಎಲ್ಲ ಕೋಶದಿಂದಲೂ ಚಿಟ್ಟೆ ಬರುವುದಿಲ್ಲ. ಕೆಲವದರಿಂದ ಸಣ್ಣ ಕಣಜಗಳು ಬರುತ್ತವೆ. ಅವುಗಳ ತಾಯಿ ಕಣಜ ಹುಳುವಿನೊಳಗೋ ಕೋಶದೊಳಗೋ ಮೊದಲೇ ಮೊಟ್ಟೆ ಇಟ್ಟಿರುತ್ತದೆ. ಇದನ್ನು ಮಗುವಿನಿಂದ ಮುಚ್ಚಿಡಬೇಡಿ. ಬೇಜಾರು ಮಾಡಿಕೊಳ್ಳುತ್ತದೆ, ಆಮೇಲೆ ನೂರು ಪ್ರಶ್ನೆ ಕೇಳುತ್ತದೆ.

ಇದು ರುಚಿಸಿದ ಮಗುವನ್ನು ಪಕ್ಕದ ಖಾಲಿ ಸೈಟಿಗೆ ಕರೆದುಕೊಂಡು ಹೋಗಿ. ಎಕ್ಕದ ಗಿಡದಲ್ಲಿ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳು ಸಿಗಬಹುದು, ಅದು ಪ್ಲೇನ್ ಟೈಗರ್ ಚಿಟ್ಟೆಯದು. ಎಕ್ಕದ ಹಾಲು ಕಣ್ಣಿಗೆ ತಾಗಬಾರದು, ಆದ್ದರಿಂದ ಗಿಡ ಮುರಿಯೋದು ಬೇಡ, ನೋಡೋದಷ್ಟೇ. ಬೆಂಗಳೂರಿನವರು ಬನ್ನೇರುಘಟ್ಟದ ಚಿಟ್ಟೆ ಉದ್ಯಾನಕ್ಕೂ ಹೋಗಬಹುದು, 2006ರಲ್ಲಿ ಶುರುವಾದದ್ದು. ಆದರೆ ಮೊದಲು ಕುಂಡ, ಆಮೇಲೆ ಉದ್ಯಾನ. ಒಂದು ಹುಳುವನ್ನಾದರೂ ಹತ್ತಿರದಿಂದ ನೋಡದ ಮಗು ಅಲ್ಲಿ ಹೋಗಿ ಐಸ್‌ಕ್ರೀಮ್ ಕೇಳುತ್ತದೆ.

ಬೋಳಾದ ಕರಿಬೇವಿನ ತುದಿ ಚಿವುಟಿ, ಬುಡಕ್ಕೆ ಹುಳಿ ಮಜ್ಜಿಗೆ ನೀರು ಮಾಡಿ ಹಾಕಿ. ಮತ್ತೆ ಚಿಗುರುತ್ತದೆ. ಚಿಗುರಿದ ಮೇಲೆ ಪರದೆ ತೆಗೆದೇ ಇಡಿ, ಮೊಟ್ಟೆ ಇಡೋಕೆ ಬರುವವರಿಗೆ ದಾರಿ ಬೇಕಲ್ವಾ.