ಹೊಸ ಲಿಬ್‌ಕರ್ಲ್ ಕಟ್ಟಿದ್ದಾಯಿತು, ಓಡುತ್ತಿರುವುದು ಯಾವುದು?

ಸೋರ್ಸ್ ಕೋಡ್‌ನಿಂದ ಲೈಬ್ರರಿ (ಬೇರೆ ಪ್ರೋಗ್ರಾಂಗಳು ಎರವಲು ಪಡೆದು ಬಳಸುವ ಕೋಡಿನ ಗಂಟು) ಕಟ್ಟುವವರ ಪಕ್ಕದಲ್ಲಿ ಕೂತು ನೋಡಿದಷ್ಟು ಸಲವೂ ನನಗೆ ಕಂಡದ್ದು ಒಂದೇ. ಎಲ್ಲಿ ಕಷ್ಟ ಎಂದು ಹೆದರಿರುತ್ತಾರೋ ಅಲ್ಲಿ ಏನೂ ಆಗುವುದಿಲ್ಲ. ಕಂಪೈಲ್ ಮಾಡುವುದು ಯಂತ್ರದ ಕೆಲಸ, ಅದು ಮಾಡಿಕೊಳ್ಳುತ್ತದೆ. ಕಟ್ಟಿದ್ದನ್ನು ಸಿಸ್ಟಮ್ಮಿಗೆ ಹಾಕುವ ‘ಮೇಕ್ ಇನ್‌ಸ್ಟಾಲ್’ ಮುಗಿಯಿತು ಎಂದು ಕೈಕೊಡವಿ ಎದ್ದ ಮೇಲೆ ಪಜೀತಿ ಶುರು. ಹೊಸ ಆವೃತ್ತಿ ಹಾಕಿದರೂ ಹಳೆಯ ದೋಷವೇ ಕಾಣುತ್ತಿದೆಯಲ್ಲ ಎಂದು ತಲೆ ಕೆರೆದುಕೊಂಡು, ಮತ್ತೆ ಕಟ್ಟಿ, ಮತ್ತೆ ಹಾಕಿ, ಕೊನೆಗೆ ಇಡೀ ಸಿಸ್ಟಮ್ಮನ್ನೇ ಫಾರ್ಮ್ಯಾಟ್ ಮಾಡಿದವರನ್ನೂ ಕಂಡಿದ್ದೇನೆ. ಅಷ್ಟು ಹೊತ್ತೂ ಅವರ ಪ್ರೋಗ್ರಾಂ ಹಳೆಯ ಲೈಬ್ರರಿಯನ್ನೇ ಎತ್ತಿಕೊಂಡು ಓಡುತ್ತಿತ್ತು.

ಇಲ್ಲಿ ಲಿಬ್‌ಕರ್ಲ್ ಅನ್ನೇ ಲಿನಕ್ಸ್‌ನಲ್ಲಿ ಕಟ್ಟೋಣ. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ 1998ರಲ್ಲಿ ‘ಕರ್ಲ್’ ಎಂಬ ಹೆಸರಿನಲ್ಲಿ ಬಿಡುಗಡೆ ಮಾಡಿದ ಉಪಕರಣದ ಒಳಗಿನ ಯಂತ್ರ ಇದು. 2000ದಲ್ಲಿ ಪ್ರತ್ಯೇಕ ಲೈಬ್ರರಿಯಾಯಿತು. ಪೂರ್ತಿ ಸಿ ಭಾಷೆಯಲ್ಲಿದೆ. ಪ್ರೋಗ್ರಾಂ ಒಂದು ವೆಬ್ ವಿಳಾಸದಿಂದ ಏನಾದರೂ ತರಬೇಕೆಂದರೆ ಬಹಳ ಕಡೆ ಕೆಲಸ ಮಾಡುವುದು ಇದೇ.

ಕಟ್ಟಲೇಬೇಕೇ ಎಂದು ಮೊದಲು ಕೇಳಿಕೊಳ್ಳಿ. ನಿಮ್ಮ ಲಿನಕ್ಸ್ ಕೊಡುವ ಪ್ಯಾಕೇಜ್ ಸಾಕಾಗುವುದಾದರೆ ಅದನ್ನೇ ಹಾಕಿ, ಈ ಲೇಖನ ಬಿಟ್ಟುಬಿಡಿ. ಹೊಸ ಆವೃತ್ತಿಯಲ್ಲಿ ಮಾತ್ರ ಇರುವ ಸೌಲಭ್ಯವೋ ದೋಷ ಪರಿಹಾರವೋ ಬೇಕಾಗಿದ್ದರೆ ಮುಂದೆ ಓದಿ. ಒಂದು ಮಾತು: ಆಜ್ಞೆಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ದೊಡ್ಡ ಅಕ್ಷರ, ಸಣ್ಣ ಅಕ್ಷರದ ವ್ಯತ್ಯಾಸವನ್ನು ಲಿನಕ್ಸ್ ಮನ್ನಿಸುವುದಿಲ್ಲ.

ಕೋಡ್ ತರುವುದು

ಬಿಡುಗಡೆಯಾದ ಟಾರ್ ಫೈಲ್ (ಕೋಡನ್ನೆಲ್ಲ ಒಂದೇ ಗಂಟು ಕಟ್ಟಿದ ಫೈಲ್) ತನ್ನಿ, ಗಿಟ್‌ನಿಂದ, ಅಂದರೆ ಕೋಡ್ ಬರೆಯುವವರ ಕಣಜದಿಂದ, ಎಳೆಯಬೇಡಿ. ಟಾರ್ ಫೈಲಿನಲ್ಲಿ, ನಿಮ್ಮ ಯಂತ್ರವನ್ನು ನೋಡಿ ಕಟ್ಟುವುದಕ್ಕೆ ಅಣಿಮಾಡುವ ‘ಕಾನ್ಫಿಗರ್’ ಸ್ಕ್ರಿಪ್ಟ್ ಸಿದ್ಧವಾಗಿರುತ್ತದೆ. ಗಿಟ್‌ನಲ್ಲಿ ಅದು ಇರುವುದಿಲ್ಲ. ಆಟೋಕಾನ್ಫ್, ಆಟೋಮೇಕ್, ಲಿಬ್‌ಟೂಲ್ ಮೂರನ್ನೂ ಹಾಕಿಕೊಂಡು ‘ಆಟೋರೀಕಾನ್ಫ್ -ಎಫ್‌ಐ’ ಓಡಿಸಿ ಹುಟ್ಟಿಸಬೇಕು. ಟಾರ್ ಫೈಲಿನ ಜೊತೆಗೆ ಸಿಗುವ ಸಹಿಯ ಫೈಲನ್ನೂ ಇಳಿಸಿಕೊಂಡು ಸಹಿ ತಾಳೆ ನೋಡುವ ಜಿಪಿಜಿ ತಂತ್ರಾಂಶದಿಂದ ಪರೀಕ್ಷಿಸಿ. ಸಹಿ ಸರಿಯಿದ್ದ ಮಾತ್ರಕ್ಕೆ ಒಳಗಿನದೆಲ್ಲ ಸರಿ ಎಂದಲ್ಲ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಸಂಕುಚನ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲು ಸಿಕ್ಕಿಬಿದ್ದಿತು. ಅದನ್ನು ಚಾಲೂ ಮಾಡುವ ತುಣುಕು ಇದ್ದದ್ದು ಟಾರ್ ಫೈಲಿನಲ್ಲಿ, ಗಿಟ್‌ನಲ್ಲಿ ಅಲ್ಲ. ಆದರೂ ಸಹಿಯನ್ನು ನೋಡದೇ ಇರುವುದಕ್ಕಿಂತ ನೋಡುವುದು ಮೇಲು. ‘ಈ ಒಂದು ಸಾಲು ಅಂಟಿಸಿ, ಎಲ್ಲ ತಾನಾಗಿ ಆಗುತ್ತದೆ’ ಎಂದು ಯಾರೋ ಕೊಟ್ಟ ಸ್ಕ್ರಿಪ್ಟನ್ನು ನೇರವಾಗಿ ‘ಸುಡೋ’ಗೆ (ನಿರ್ವಾಹಕನ ಪೂರ್ಣ ಅಧಿಕಾರದಲ್ಲಿ ಓಡಿಸುವ ಆಜ್ಞೆ) ಕೊಡುವುದಂತೂ ಕೂಡದು.

ಫೈಲನ್ನು ಬಿಚ್ಚುವ ಫೋಲ್ಡರ್‌ನ ದಾರಿಯಲ್ಲಿ ಎಲ್ಲೂ ಖಾಲಿ ಜಾಗ ಇರಬಾರದು. ಎರಡು ಪದದ ಹೆಸರಿಟ್ಟ ಫೋಲ್ಡರಿನೊಳಗೆ ಬಿಚ್ಚಿ ‘ಕಾನ್ಫಿಗರ್’ನಿಂದ ಬೈಸಿಕೊಂಡವರು ಹಲವರು.

ಹೆಡರ್ ಎಲ್ಲಿ?

ಮುಂದಿನದು ಅವಲಂಬನೆಗಳು. ಸಿ ಕಂಪೈಲರ್, ಮೇಕ್, ಪಿಕೆಜಿ-ಕಾನ್ಫಿಗ್ ಬೇಕು. ಜೊತೆಗೆ ಓಪನ್‌ಎಸ್‌ಎಸ್‌ಎಲ್, ಝಡ್‌ಲಿಬ್, ಲಿಬ್‌ಪಿಎಸ್‌ಎಲ್ ಮತ್ತು ಎಚ್‌ಟಿಟಿಪಿ/2 ಬೇಕಿದ್ದರೆ ಎನ್‌ಜಿಎಚ್‌ಟಿಟಿಪಿ2. ‘ಓಪನ್‌ಎಸ್‌ಎಸ್‌ಎಲ್ ಈಗಾಗಲೇ ಇದೆ, ಆದರೂ ಸಿಗುತ್ತಿಲ್ಲ ಎನ್ನುತ್ತಿದೆ’ ಎಂಬ ದೂರು ಇಲ್ಲಿ ತಪ್ಪದೆ ಬರುತ್ತದೆ. ಇರುವುದು ಓಡಿಸಲು ಬೇಕಾದ ಭಾಗ ಮಾತ್ರ. ಕಂಪೈಲ್ ಮಾಡಲು, ಲೈಬ್ರರಿಯಲ್ಲಿ ಏನೇನಿದೆ ಎಂದು ಕಂಪೈಲರ್‌ಗೆ ಹೇಳುವ ಹೆಡರ್ ಫೈಲುಗಳು ಬೇಕು, ಅವು ಬೇರೆ ಪ್ಯಾಕೇಜಿನಲ್ಲಿರುತ್ತವೆ: ಡೆಬಿಯನ್, ಉಬುಂಟು ಕಡೆ ಹೆಸರಿನ ಕೊನೆಗೆ ‘-ಡೆವ್’, ಫೆಡೋರಾ ಕಡೆ ‘-ಡೆವೆಲ್’ ಎಂದಿರುತ್ತದೆ.

ಕಾನ್ಫಿಗರ್

ಇಲ್ಲಿ ಎರಡೇ ನಿರ್ಧಾರ. ಮೊದಲನೆಯದು ಟಿಎಲ್‌ಎಸ್, ಅಂದರೆ ಎಚ್‌ಟಿಟಿಪಿಎಸ್‌ನ ಹಿಂದಿರುವ ಗೂಢಲಿಪಿ. 2021ರಲ್ಲಿ ಬಂದ 7.77.0 ಆವೃತ್ತಿಯಿಂದೀಚೆಗೆ ಯಾವ ಟಿಎಲ್‌ಎಸ್ ಲೈಬ್ರರಿ ಬೇಕೆಂದು ನೀವೇ ಹೇಳಬೇಕು, ಇಲ್ಲದಿದ್ದರೆ ಸ್ಕ್ರಿಪ್ಟ್ ಅಲ್ಲೇ ನಿಂತುಬಿಡುತ್ತದೆ. ‘--ವಿತ್-ಓಪನ್‌ಎಸ್‌ಎಸ್‌ಎಲ್’ ಎಂದು ಕೊಡಿ. ದೋಷದ ಸಂದೇಶದಲ್ಲೇ ‘--ವಿದೌಟ್-ಎಸ್‌ಎಸ್‌ಎಲ್’ ಎಂಬ ದಾರಿಯೂ ಕಾಣುತ್ತದೆ, ಅವಸರದವರು ಅದನ್ನು ಹಿಡಿದು ಮುಂದೆ ಹೋಗುತ್ತಾರೆ. ಹಾಗೆ ಕಟ್ಟಿದ ಲೈಬ್ರರಿಗೆ ಎಚ್‌ಟಿಟಿಪಿಎಸ್ ಗೊತ್ತೇ ಇರುವುದಿಲ್ಲ. ಇವತ್ತಿನ ಇಂಟರ್ನೆಟ್ಟಿನಲ್ಲಿ ಅದನ್ನು ಇಟ್ಟುಕೊಂಡು ಮಾಡುವುದಾದರೂ ಏನು? ಲಿಬ್‌ಪಿಎಸ್‌ಎಲ್ ಇಲ್ಲದಿದ್ದರೂ ಈಚಿನ ಆವೃತ್ತಿಗಳು ಇದೇ ರೀತಿ ನಿಲ್ಲುತ್ತವೆ. ಒಂದು ತಾಣದ ಕುಕಿ ಸಂಬಂಧವಿಲ್ಲದ ತಾಣಗಳಿಗೂ ಅಂಟದಂತೆ ನೋಡಿಕೊಳ್ಳುವುದು ಆ ಲೈಬ್ರರಿ. ಅದರ ಡೆವ್ ಪ್ಯಾಕೇಜ್ ಹಾಕಿ, ಆಯ್ಕೆಯನ್ನು ಆರಿಸಬೇಡಿ.

ಎರಡನೆಯದು ಜಾಗ. ಏನೂ ಹೇಳದಿದ್ದರೆ ಎಲ್ಲ ‘/ಯುಎಸ್‌ಆರ್/ಲೋಕಲ್’ಗೆ ಹೋಗುತ್ತದೆ. ನನ್ನ ಸಲಹೆ ಕಡ್ಡಿ ತುಂಡು ಮಾಡಿದ ಹಾಗೆ: ‘--ಪ್ರಿಫಿಕ್ಸ್=/ಆಪ್ಟ್/ಕರ್ಲ್’ ಎಂದು ಪ್ರತ್ಯೇಕ ಫೋಲ್ಡರ್ ಕೊಡಿ. ಬೇಡವೆನಿಸಿದ ದಿನ ಆ ಒಂದು ಫೋಲ್ಡರ್ ಅಳಿಸಿದರೆ ಕಥೆ ಮುಗಿಯಿತು. ‘/ಯುಎಸ್‌ಆರ್’ ಎಂದು ಮಾತ್ರ ಯಾವತ್ತೂ ಕೊಡಬೇಡಿ. ಅದು ಪ್ಯಾಕೇಜ್ ಮ್ಯಾನೇಜರಿನ ಮನೆ. ಫೆಡೋರಾದ ಡಿಎನ್‌ಎಫ್, ಆರ್ಚ್‌ನ ಪ್ಯಾಕ್‌ಮ್ಯಾನ್ ತಮ್ಮ ಪ್ಯಾಕೇಜುಗಳನ್ನು ಇಳಿಸಿಕೊಳ್ಳುವುದು ಲಿಬ್‌ಕರ್ಲ್ ಮೂಲಕವೇ. ಅರ್ಧಂಬರ್ಧ ಕಟ್ಟಿದ ಲಿಬ್‌ಕರ್ಲ್ ಅಲ್ಲಿ ಕೂತರೆ ಸರಿಪಡಿಸುವ ಪ್ಯಾಕೇಜನ್ನು ಇಳಿಸಲೂ ಆಗದು. ಏಣಿ ಹತ್ತಿ ಏಣಿಯನ್ನೇ ಒದ್ದಂತೆ.

ಸ್ಕ್ರಿಪ್ಟ್ ಮುಗಿದಾಗ ಕೊನೆಯಲ್ಲಿ ಒಂದು ಪಟ್ಟಿ ಬರುತ್ತದೆ. ಪರದೆ ಮೇಲೆ ಹರಿದು ಹೋಗಲು ಬಿಡಬೇಡಿ, ಓದಿ. ಎಸ್‌ಎಸ್‌ಎಲ್ ಎದುರು ಓಪನ್‌ಎಸ್‌ಎಸ್‌ಎಲ್ ಇದೆಯೇ, ಎಚ್‌ಟಿಟಿಪಿ2 ಎದುರು ‘ನೋ’ ಇದೆಯೇ, ತಾಣಗಳ ಗುರುತು ಪರೀಕ್ಷಿಸಲು ಬೇಕಾದ ಪ್ರಮಾಣಪತ್ರಗಳ ಕಟ್ಟು ಎಲ್ಲಿದೆ ಎಂದುಕೊಂಡಿದೆ, ಎಲ್ಲ ಅಲ್ಲಿದೆ. ಏನಾದರೂ ಸಿಗಲಿಲ್ಲ ಎಂದರೆ ‘ಕಾನ್ಫಿಗ್.ಲಾಗ್’ ತೆರೆಯಿರಿ, ನಿಜವಾದ ಕಾರಣ ಅದರಲ್ಲಿರುತ್ತದೆ. ಆಯ್ಕೆ ಬದಲಿಸಿ ಮತ್ತೆ ಕಟ್ಟುವಾಗ ಹಳೆಯ ಫೋಲ್ಡರನ್ನು ಎಸೆದು ಟಾರ್ ಫೈಲನ್ನು ಹೊಸದಾಗಿ ಬಿಚ್ಚುವುದು ನನ್ನ ಪದ್ಧತಿ.

ನಂತರ ‘ಮೇಕ್ -ಜೆ4’. ಅಂಕಿ ಇಲ್ಲದೆ ಬರೀ ‘-ಜೆ’ ಕೊಟ್ಟರೆ ಮಿತಿಯಿಲ್ಲದೆ ಕೆಲಸ ಹಚ್ಚಿಕೊಂಡು ಸಣ್ಣ ಯಂತ್ರ ಉಸಿರುಗಟ್ಟುತ್ತದೆ. ಆಮೇಲೆ ‘ಸುಡೋ ಮೇಕ್ ಇನ್‌ಸ್ಟಾಲ್’. ಸುಡೋ ಬೇಕಿರುವುದು ಇಲ್ಲಿ ಮಾತ್ರ, ಮೊದಲಿಂದ ಅಲ್ಲ.

ಎಡವುವ ಜಾಗ

ಈಗ ನಿಧಾನವಾಗಿ ಓದಿ. ಒಂದು ಲೈಬ್ರರಿಯನ್ನು ಎರಡು ಬೇರೆ ಬೇರೆ ಹೊತ್ತಿನಲ್ಲಿ, ಇಬ್ಬರು ಬೇರೆ ಬೇರೆಯವರು ಹುಡುಕುತ್ತಾರೆ. ನಿಮ್ಮ ಪ್ರೋಗ್ರಾಂ ಕಟ್ಟುವಾಗ ಹುಡುಕುವವನು ಲಿಂಕರ್. ‘-ಎಲ್/ಆಪ್ಟ್/ಕರ್ಲ್/ಲಿಬ್’ (ಎಲ್ ದೊಡ್ಡ ಅಕ್ಷರ) ಎಂದು ನೀವು ಕೊಡುವ ದಾರಿ ಅವನಿಗೆ ಮಾತ್ರ. ಪ್ರೋಗ್ರಾಂ ಓಡುವಾಗ ಹುಡುಕುವವನು ಲೋಡರ್. ಲಿಂಕರ್‌ಗೆ ಹೇಳಿದ್ದು ಲೋಡರ್‌ನ ಕಿವಿಗೆ ಬಿದ್ದೇ ಇರುವುದಿಲ್ಲ. ಅವನ ಕೈಯಲ್ಲಿರುವುದು ಪ್ರೋಗ್ರಾಂನೊಳಗೆ ಬರೆದಿಟ್ಟ ‘ಲಿಬ್‌ಕರ್ಲ್.ಎಸ್‌ಒ.4’ ಎಂಬ ಹೆಸರು ಅಷ್ಟೇ. ಆ 4 ಎಂಬ ಅಂಕಿ 2006ರಿಂದ ಬದಲಾಗಿಲ್ಲ. ಅಂದರೆ ಹತ್ತು ವರ್ಷ ಹಳೆಯ ಲಿಬ್‌ಕರ್ಲ್‌ಗೂ ನೀವು ಇವತ್ತು ಕಟ್ಟಿದ್ದಕ್ಕೂ ಒಂದೇ ಹೆಸರು. ಆ ಹೆಸರಿನವರು ಯಾರು ಮೊದಲು ಸಿಕ್ಕರೂ ಲೋಡರ್ ಕೈಹಿಡಿದು ಕರೆತರುತ್ತಾನೆ. ಸಿಸ್ಟಮ್ಮಿನ ಹಳೆಯವರು ಬಾಗಿಲಲ್ಲೇ ನಿಂತಿರುತ್ತಾರೆ.

‘/ಯುಎಸ್‌ಆರ್/ಲೋಕಲ್’ಗೆ ಹಾಕಿದವರಿಗೆ ಇದು ವಿಚಿತ್ರವಾಗಿ ಕಾಣಿಸಿಕೊಳ್ಳುತ್ತದೆ. ‘ಕರ್ಲ್ --ವರ್ಷನ್’ ಎಂದು ಕೇಳಿ. ಮೊದಲ ಸಾಲಿನಲ್ಲಿ ಎರಡು ಅಂಕಿಗಳಿರುತ್ತವೆ, ಒಂದು ಆಜ್ಞೆಯದು, ಇನ್ನೊಂದು ಲೈಬ್ರರಿಯದು. ಆಜ್ಞೆ ಹೊಸದು, ಲೈಬ್ರರಿ ಹಳೆಯದು ಎಂದಿದ್ದರೆ ಎರಡೂ ಹೊಂದುತ್ತಿಲ್ಲ ಎಂದು ಕರ್ಲ್ ತಾನೇ ಎಚ್ಚರಿಸುತ್ತದೆ. ಎಚ್ಚರಿಕೆಯ ಸಾಲನ್ನು ಓದುವವರು ಮಾತ್ರ ಕಡಿಮೆ. ಫೈಲು ಜಾಗದಲ್ಲಿ ಕೂತಿದೆ, ಆದರೆ ಲೋಡರ್ ನೋಡುವ ಪಟ್ಟಿಗೆ ಅದರ ಹೆಸರು ಇನ್ನೂ ಸೇರಿಲ್ಲ. ‘ಸುಡೋ ಎಲ್‌ಡಿಕಾನ್ಫಿಗ್’ ಓಡಿಸಿದರೆ ಪಟ್ಟಿ ಹೊಸದಾಗುತ್ತದೆ. ಆಮೇಲೂ ಆಜ್ಞೆಯೇ ಹಳೆಯದು ಬರುತ್ತಿದ್ದರೆ ‘ಹ್ಯಾಶ್ -ಆರ್’ ಹೊಡೆಯಿರಿ, ಶೆಲ್ ಹಳೆಯ ದಾರಿಯನ್ನು ನೆನಪಿಟ್ಟುಕೊಂಡಿರುತ್ತದೆ.

‘ಹಾಗಾದರೆ /ಆಪ್ಟ್/ಕರ್ಲ್/ಲಿಬ್ ದಾರಿಯನ್ನೂ ಎಲ್‌ಡಿಕಾನ್ಫಿಗ್ ಪಟ್ಟಿಗೆ ಸೇರಿಸಿದರಾಯಿತಲ್ಲ?’ ಎಂದು ಕೇಳುತ್ತಾರೆ. ಆಯಿತು, ಆದರೆ ಅದರ ಅರ್ಥ ಗೊತ್ತಿರಲಿ. ಹೆಸರು ಒಂದೇ ಆದ್ದರಿಂದ ಇನ್ನು ಮುಂದೆ ಸಿಸ್ಟಮ್ಮಿನಲ್ಲಿ ಆ ಹೆಸರನ್ನು ಕೇಳುವ ಮಿಕ್ಕೆಲ್ಲ ಪ್ರೋಗ್ರಾಂಗಳೂ ನೀವು ಕಟ್ಟಿದ್ದನ್ನೇ ಬಳಸತೊಡಗುತ್ತವೆ. ಡೆಬಿಯನ್ ಬಳಗದಲ್ಲಿ ಒಡನೆಯೇ ‘ನೋ ವರ್ಷನ್ ಇನ್ಫರ್ಮೇಷನ್ ಅವೈಲಬಲ್’ ಎಂಬ ಗೊಣಗಾಟ ಶುರುವಾಗುತ್ತದೆ, ಏಕೆಂದರೆ ಅವರ ಲಿಬ್‌ಕರ್ಲ್‌ನಲ್ಲಿ ಒಳಗಿನ ಪ್ರತಿ ಹೆಸರಿಗೂ ಆವೃತ್ತಿಯ ಗುರುತು ಹಚ್ಚಿರುತ್ತದೆ, ನಿಮ್ಮದರಲ್ಲಿ ಇರುವುದಿಲ್ಲ. ಒಂದು ಪ್ರೋಗ್ರಾಂಗಾಗಿ ಇಡೀ ಮನೆಯ ನಲ್ಲಿ ಬದಲಿಸುವುದು ಬೇಡ.

ಇನ್ನೊಂದು ಅಡ್ಡದಾರಿ ‘ಎಲ್‌ಡಿ_ಲೈಬ್ರರಿ_ಪಾಥ್’ ಎಂಬ ಪರಿಸರ ಚರ (ಎನ್ವಿರಾನ್ಮೆಂಟ್ ವೇರಿಯಬಲ್). ಪರೀಕ್ಷೆಗೆ ಒಂದು ಸಲ ಬಳಸಲು ಚೆನ್ನಾಗಿದೆ. ಶೆಲ್ಲಿನ ಆರಂಭದ ಫೈಲಿನಲ್ಲಿ ಬರೆದಿಟ್ಟು ಮರೆತರೆ ಕೆಡುತ್ತದೆ. ನಿಮ್ಮ ಟರ್ಮಿನಲ್‌ನಲ್ಲಿ ಓಡಿದ ಪ್ರೋಗ್ರಾಂ ಸುಡೋ ಹಾಕಿದರೆ ಓಡುವುದಿಲ್ಲ, ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ನಲ್ಲಿ ಓಡುವುದಿಲ್ಲ, ಸರ್ವಿಸ್ ಆಗಿ ಎದ್ದರೆ ಹಳೆಯ ಲೈಬ್ರರಿಯನ್ನು ಹಿಡಿಯುತ್ತದೆ. ಆ ಚರ ಅಲ್ಲಿಗೆಲ್ಲ ತಲುಪುವುದೇ ಇಲ್ಲ.

ನಾನು ಒಪ್ಪುವ ದಾರಿ ಒಂದೇ: ಲೋಡರ್‌ಗೆ ಬೇಕಾದ ವಿಳಾಸವನ್ನು ಪ್ರೋಗ್ರಾಂನೊಳಗೇ ಬರೆದುಬಿಡುವುದು. ಪ್ರೋಗ್ರಾಂ ಲಿಂಕ್ ಮಾಡುವಾಗ ‘-ಎಲ್’ ಜೊತೆಗೆ ‘-ಡಬ್ಲ್ಯುಎಲ್,-ಆರ್‌ಪಾಥ್,/ಆಪ್ಟ್/ಕರ್ಲ್/ಲಿಬ್’ (ಡಬ್ಲ್ಯು ದೊಡ್ಡದು, ಎಲ್ ಸಣ್ಣದು) ಎಂದೂ ಸೇರಿಸಿ. ಅಲ್ಪವಿರಾಮಗಳ ನಡುವೆ ಖಾಲಿ ಜಾಗ ಬಿಡಬೇಡಿ. ಇನ್ನು ಆ ಪ್ರೋಗ್ರಾಂ ಎಲ್ಲಿಂದ ಎದ್ದರೂ ನೇರ ಅಲ್ಲಿಗೇ ಹೋಗುತ್ತದೆ, ಉಳಿದವರಿಗೆ ಸುದ್ದಿಯೂ ಇಲ್ಲ. ಇಲ್ಲೊಂದು ಮೋಸವಿದೆ. ಪ್ರತ್ಯೇಕ ಫೋಲ್ಡರಿಗೆ ಹಾಕಿದಾಗ ಕರ್ಲ್ ಆಜ್ಞೆಗೆ ಈ ವಿಳಾಸವನ್ನು ಲಿಬ್‌ಟೂಲ್ ತಾನೇ ಬರೆದುಕೊಡುತ್ತದೆ. ‘/ಆಪ್ಟ್/ಕರ್ಲ್/ಬಿನ್/ಕರ್ಲ್ --ವರ್ಷನ್’ ಹೊಸ ಅಂಕಿ ತೋರಿಸಿತು ಎಂದು ಖುಷಿಪಟ್ಟು ನಿಮ್ಮ ಪ್ರೋಗ್ರಾಂಗೂ ಅದೇ ಸಿಕ್ಕಿದೆ ಎಂದುಕೊಳ್ಳುತ್ತೀರಿ. ಅದಕ್ಕೆ ಬರೆಯಬೇಕಾದವರು ನೀವೇ.

ಹೆಡರ್‌ನದು ಇನ್ನೊಂದು ಗೊಂದಲ. ಸಿಸ್ಟಮ್ಮಿನಲ್ಲಿ ಹಳೆಯ ಡೆವ್ ಪ್ಯಾಕೇಜ್ ಇದ್ದರೆ ಕಂಪೈಲರ್ ಹಳೆಯ ಹೆಡರ್ ಓದಿ, ಓಡುವಾಗ ಹೊಸ ಲೈಬ್ರರಿ ಸಿಗಬಹುದು. ಅದಕ್ಕೆ ‘ಪಿಕೆಜಿ_ಕಾನ್ಫಿಗ್_ಪಾಥ್’ಗೆ ‘/ಆಪ್ಟ್/ಕರ್ಲ್/ಲಿಬ್/ಪಿಕೆಜಿಕಾನ್ಫಿಗ್’ ಕೊಟ್ಟು, ಹೆಡರಿನ ದಾರಿಯನ್ನು ಪಿಕೆಜಿ-ಕಾನ್ಫಿಗ್‌ನಿಂದಲೇ ಕೇಳಿ ಪಡೆಯಿರಿ. ಪರೀಕ್ಷೆಗೆ ಎರಡು ಸಾಲಿನ ಸಿ ಪ್ರೋಗ್ರಾಂ ಸಾಕು: ಒಂದು ಸಾಲು ‘ಲಿಬ್‌ಕರ್ಲ್_ವರ್ಷನ್’ (ಎಲ್ಲ ದೊಡ್ಡ ಅಕ್ಷರ) ಎಂಬ ಮ್ಯಾಕ್ರೋವನ್ನು ಮುದ್ರಿಸಲಿ, ಅದು ಹೆಡರ್ ಹೇಳುವ ಆವೃತ್ತಿ. ಇನ್ನೊಂದು ‘ಕರ್ಲ್_ವರ್ಷನ್’ ಎಂಬ ಫಂಕ್ಷನ್ ಕೊಡುವುದನ್ನು ಮುದ್ರಿಸಲಿ, ಅದು ಓಡುತ್ತಿರುವ ಲೈಬ್ರರಿ ಹೇಳುವ ಆವೃತ್ತಿ. ಎರಡರಲ್ಲೂ ಲಿಬ್‌ಕರ್ಲ್‌ನ ಅಂಕಿ ಒಂದೇ ಆಗುವವರೆಗೆ ಬೇರೆ ಯಾವ ದೋಷವನ್ನೂ ಹುಡುಕಲು ಹೋಗಬೇಡಿ. ‘ಎಲ್‌ಡಿಡಿ’ಗೆ ಪ್ರೋಗ್ರಾಂನ ಹೆಸರು ಕೊಟ್ಟರೆ ಲೋಡರ್ ಹಿಡಿದ ಫೈಲಿನ ಪೂರ್ತಿ ದಾರಿ ಕಾಣುತ್ತದೆ.

ಎಲ್ಲ ಸರಿಯಿದ್ದೂ ಎಚ್‌ಟಿಟಿಪಿಎಸ್ ವಿಳಾಸಕ್ಕೆ ಹೋದಾಗ 60 ಅಥವಾ 77ನೆಯ ದೋಷ ಬಂದರೆ ಪ್ರಮಾಣಪತ್ರಗಳ ಕಟ್ಟನ್ನು ನೋಡಿ. ಕಾನ್ಫಿಗರ್ ಪಟ್ಟಿಯಲ್ಲಿ ಆ ಸಾಲು ಖಾಲಿಯಿತ್ತೋ, ತಪ್ಪಾಗಿತ್ತೋ ಗಮನಿಸಿ, ‘--ವಿತ್-ಸಿಎ-ಬಂಡಲ್’ ಎಂದು ಸರಿಯಾದ ಫೈಲ್ ತೋರಿಸಿ ಮತ್ತೆ ಕಟ್ಟಿ. ‘-ಕೆ’ ಹಾಕಿ ಪರಿಶೀಲನೆಯನ್ನೇ ಆರಿಸುವವರು ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಅದರಲ್ಲೇ ಬಿಟ್ಟು ಹೋಗುವವರ ಜಾತಿ.

ಇನ್ನು ಮುಂದೆ ಹೊಸ ಆವೃತ್ತಿಗಳ ಮೇಲೆ ಕಣ್ಣಿಡುವ ಕೆಲಸ ನಿಮ್ಮದೇ. 2023ರ ಅಕ್ಟೋಬರ್ 11ರಂದು ಬಂದ 8.4.0 ಆವೃತ್ತಿ, ಸಾಕ್ಸ್5 ಪ್ರಾಕ್ಸಿಗೆ ಸಂಬಂಧಿಸಿದ ಗಂಭೀರ ರಂಧ್ರವೊಂದನ್ನು ಮುಚ್ಚಿತು, 7.69.0ರಿಂದ 8.3.0ರವರೆಗಿನ ಎಲ್ಲದರಲ್ಲೂ ಅದು ಇತ್ತು. ಪ್ಯಾಕೇಜ್ ಬಳಸುವವರಿಗೆ ಅಂಥ ತೇಪೆ ಮಾಮೂಲಿ ಅಪ್‌ಡೇಟ್‌ನಲ್ಲೇ ಬಂದು ಸೇರುತ್ತದೆ. ತಾವೇ ಕಟ್ಟಿಕೊಂಡವರಿಗೆ ಯಾರೂ ಬಂದು ಬಾಗಿಲು ತಟ್ಟುವುದಿಲ್ಲ. ಹೊಸದನ್ನು ಅದೇ ‘/ಆಪ್ಟ್/ಕರ್ಲ್’ ಮೇಲೆ ಹಾಕಿದರೆ ನಿಮ್ಮ ಪ್ರೋಗ್ರಾಂ ಮತ್ತೆ ಕಂಪೈಲ್ ಮಾಡುವ ಅಗತ್ಯವಿಲ್ಲ. ಆದರೆ ಆಗಲೇ ಓಡುತ್ತಿರುವ ಸರ್ವಿಸ್ ಹಳೆಯದನ್ನು ಮೆಮೊರಿಯಲ್ಲಿ ಹಿಡಿದುಕೊಂಡೇ ಇರುತ್ತದೆ. ನಿಲ್ಲಿಸಿ ಮತ್ತೆ ಚಾಲೂ ಮಾಡಿ. ಅನುಮಾನವಿದ್ದರೆ ‘/ಪ್ರಾಕ್’ನಲ್ಲಿ ಆ ಪ್ರಕ್ರಿಯೆಯ ಸಂಖ್ಯೆಯ ಒಳಗಿರುವ ‘ಮ್ಯಾಪ್ಸ್’ ಫೈಲ್ ತೆರೆದು ಲಿಬ್‌ಕರ್ಲ್ ಇರುವ ಸಾಲು ನೋಡಿ. ಕೊನೆಯಲ್ಲಿ ‘ಡಿಲೀಟೆಡ್’ ಎಂದಿದ್ದರೆ ಅದು ಇನ್ನೂ ಹಳೆಯದರಲ್ಲೇ ಇದೆ.