ಅಪ್ಪನ ಫಿಯಟ್ ಮಾರುವ ಮುನ್ನ

ತುಮಕೂರಿನ ಹಳೇ ಬಡಾವಣೆಗಳಲ್ಲಿ ಇವತ್ತಿಗೂ ಶೆಡ್ಡಿನೊಳಗೆ ಒಂದೊಂದು ಪ್ರೀಮಿಯರ್ ಪದ್ಮಿನಿ ನಿಂತಿರುತ್ತದೆ. ಆರ್‌ಸಿಯಲ್ಲಿ ಪದ್ಮಿನಿ, ಬಾಯಲ್ಲಿ ಫಿಯಟ್. ಕಂಪನಿ 1974ರಲ್ಲೇ ಹೆಸರು ಬದಲಿಸಿದರೂ ನಮ್ಮವರು ಬದಲಿಸಲಿಲ್ಲ. ನಮ್ಮ ಮನೆಯದು 1992ರ ಗಾಡಿ, ಕೆಎ-06. ಹೋದ ವರ್ಷ ಕೊಟ್ಟೆವು. ಅದಾದ ಮೇಲೆ ನೆಂಟರಿಷ್ಟರ ಮೂರು ಹಳೇ ಕಾರು ಕೈಬದಲಾಗುವಾಗಲೂ ಜೊತೆಗಿದ್ದೆ. ಎಲ್ಲರೂ ಬೆಲೆಯ ಬಗ್ಗೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ, ಕಾಗದಕ್ಕೆ ಹತ್ತು ನಿಮಿಷ ಕೊಡುತ್ತಾರೆ. ಎಡವುವುದು ಅಲ್ಲೇ. ಹಾಗಾಗಿ ಈ ಲೇಖನದ ಮುಕ್ಕಾಲು ಪಾಲು ಕಾಗದದ ಬಗ್ಗೆಯೇ ಇದೆ.

ಮೊದಲು: ಕೊಡಲೇಬೇಕೇ?

ವಾರಕ್ಕೊಮ್ಮೆಯಾದರೂ ಓಡಿಸಲು ಮನೆಯಲ್ಲಿ ಯಾರೂ ಇಲ್ಲ ಎಂದಾದರೆ ಕೊಡಿ. ನಿಂತ ಕಾರು ಓಡುವ ಕಾರಿಗಿಂತ ಬೇಗ ಹಾಳಾಗುತ್ತದೆ. ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲ್. ಅದು ತೇವ ಹೀರುತ್ತದೆ, ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಂ, ಕಾರ್ಬೊರೇಟರ್ ವಾಷರು ಒಂದೊಂದಾಗಿ ಕೈಕೊಡುತ್ತವೆ. ಎಥನಾಲ್ ದೋಷ ಕಳೆಯುತ್ತದೆ ಎಂದು ಮಾರುವ ಸಣ್ಣ ಬಾಟಲಿಗಳಿಗೆ ದುಡ್ಡು ಹಾಕಬೇಡಿ. ಆ ದುಡ್ಡಿನಲ್ಲಿ ಪೈಪು ಬದಲಿಸಿ.

ನಿಮ್ಮ ಗಾಡಿಗೆ 50 ವರ್ಷ ದಾಟಿದ್ದು ಮೂಲ ರೂಪದಲ್ಲೇ ಇದ್ದರೆ ಮಾತು ಬೇರೆ. 2021ರ ನಿಯಮದಂತೆ ಅದನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಆದರೆ ಅದರಲ್ಲಿ ದಿನಾ ಸಂತೆಗೆ ಹೋಗುವಂತಿಲ್ಲ.

ಆರ್‌ಸಿ ಪುಸ್ತಕ ಬಿಚ್ಚಿ

ಗಿರಾಕಿ ಹುಡುಕುವ ಮೊದಲೇ ಈ ಕೆಲಸ ಮಾಡಿ. ಮೂರು ವಿಷಯ ನೋಡಬೇಕು.

ಒಂದು, ಗಾಡಿ ಯಾರ ಹೆಸರಲ್ಲಿದೆ? ನಮ್ಮಪ್ಪ ತೀರಿಕೊಂಡು ಆರು ವರ್ಷವಾದರೂ ಕಾರು ಅವರ ಹೆಸರಲ್ಲೇ ಇತ್ತು. ಸತ್ತವರ ಹೆಸರಿನ ಗಾಡಿಯನ್ನು ನೇರ ಮಾರಲು ಬರುವುದಿಲ್ಲ. ಮೊದಲು ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಮಾಡಿಸಬೇಕು. ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಜೊತೆಗಿರಲಿ. ಮೂರು ತಿಂಗಳೊಳಗೆ ಅರ್ಜಿ ಹಾಕಬೇಕೆಂದು ನಿಯಮವಿದೆ, ತಡವಾದರೆ ದಂಡ. ಅಕ್ಕ ಒಬ್ಬಳು ದೂರದ ಊರಿನಲ್ಲಿದ್ದರೆ ಅವಳು ಹಬ್ಬಕ್ಕೆ ಬಂದಾಗಲೇ ಸಹಿ ಹಾಕಿಸಿಕೊಳ್ಳಿ.

ಎರಡು, ಸಾಲದ ನಮೂದು. ಮೂವತ್ತು ವರ್ಷದ ಹಿಂದೆ ತೀರಿದ ಸಾಲ ಆರ್‌ಸಿಯಲ್ಲಿ ಇನ್ನೂ ಜೀವಂತವಾಗಿರುತ್ತದೆ. ಕೊಟ್ಟ ಬ್ಯಾಂಕೇ ಇವತ್ತು ಇರುವುದಿಲ್ಲ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿನ ಸಾಲವಾಗಿದ್ದರೆ 2017ರಿಂದ ಅದು ಎಸ್‌ಬಿಐ. ವಿಜಯಾ ಬ್ಯಾಂಕಿನದಾದರೆ 2019ರಿಂದ ಬ್ಯಾಂಕ್ ಆಫ್ ಬರೋಡಾ. ಸಿಂಡಿಕೇಟ್‌ನದಾದರೆ 2020ರಿಂದ ಕೆನರಾ. ಅಲ್ಲಿಂದ ಸಾಲ ತೀರಿದ ಪತ್ರ, ಸಾಲದ ನಮೂದು ತೆಗೆಸುವ ಫಾರಂ 35ರ ಮೇಲೆ ಸಹಿ ಮತ್ತು ಮೊಹರು ತರಬೇಕು. ಇದಕ್ಕೆ ಎಷ್ಟು ಸಲ ಓಡಾಡಬೇಕಾಗುತ್ತದೋ ಹೇಳಲಾಗದು. ಅದಕ್ಕೇ ಇದನ್ನು ಮೊದಲು ಶುರು ಮಾಡಿ.

ಮೂರು, ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯ ಎಂಬ ಪ್ರಮಾಣಪತ್ರ. ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ನವೀಕರಣ. ಮುಗಿದಿದ್ದರೆ ಅದನ್ನು ಮಾಡಿಸಿಯೇ ಮುಂದಿನ ಮಾತು. ಹಸಿರು ತೆರಿಗೆ, ವಿಮೆ, ಹೊಗೆ ತಪಾಸಣೆ ಎಲ್ಲ ಚಾಲ್ತಿಯಲ್ಲಿರಲಿ.

ಇನ್ನೊಂದು ಮಾತು. ಅರ್ಜಿಯ ಜೊತೆ ಚಾಸಿ ನಂಬರಿನ, ಅಂದರೆ ಗಾಡಿಯ ಚೌಕಟ್ಟಿನ ಮೇಲೆ ಕೊರೆದ ನಂಬರಿನ ಪೆನ್ಸಿಲ್ ಅಚ್ಚು ಕೇಳುತ್ತಾರೆ. ಹಳೇ ಫಿಯಟ್ಟಿನಲ್ಲಿ ಆ ನಂಬರಿನ ಮೇಲೆ ಗ್ರೀಸು, ತುಕ್ಕು, ಎರಡು ಪದರ ಬಣ್ಣ ಕೂತಿರುತ್ತದೆ. ಮೆಕ್ಯಾನಿಕ್ ಹುಡುಗ ಉಪ್ಪುಕಾಗದ ಹಿಡಿದು ಬಂದರೆ ಕೈ ಹಿಡಿದು ನಿಲ್ಲಿಸಿ. ಉಜ್ಜಿದರೆ ಅಂಕಿ ಸವೆಯುತ್ತದೆ, ಸವೆದ ಅಂಕಿ ಕಂಡರೆ ತಿದ್ದಿದ್ದಾರೆ ಎಂಬ ಅನುಮಾನ ಬರುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಅದರ ಮೇಲೆ ಅರ್ಧ ಗಂಟೆ ಹಾಕಿಡಿ, ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ನಿಧಾನ ತಿಕ್ಕಿ, ಒಣಗಿದ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ಲನ್ನು ಅಡ್ಡ ಮಲಗಿಸಿ ಎಳೆಯಿರಿ. ಅಂಕಿ ಒಂದೊಂದಾಗಿ ಎದ್ದು ಬರುತ್ತದೆ. ಆರ್‌ಸಿಯಲ್ಲಿರುವುದಕ್ಕೆ ತಾಳೆ ನೋಡಿ. ಮೂರು ನಾಲ್ಕು ಪ್ರತಿ ತೆಗೆದಿಡಿ.

ಗಿರಾಕಿ

ಬಣ್ಣ ಹೊಡೆಸಬೇಡಿ. ಹಳೇ ಕಾರು ಬಲ್ಲವರು ಹೊಸ ಬಣ್ಣ ಕಂಡರೆ ಅದರ ಕೆಳಗೆ ಪುಟ್ಟಿ ಹುಡುಕುತ್ತಾರೆ. ಮ್ಯಾಟ್ ಎತ್ತಿ, ಬಾಗಿಲಿನ ಅಡಿ ತೋರಿಸಿ, ತುಕ್ಕು ಎಲ್ಲೆಲ್ಲಿದೆ ಎಂದು ನೀವೇ ಹೇಳಿ. ಹೊಸ ಕಾರಿನ ಶೋರೂಮಿಗೆ ಎಕ್ಸ್‌ಚೇಂಜ್‌ಗೆ ಒಯ್ಯಬೇಡಿ, ಅಲ್ಲಿ ಕೊಡುವುದು ಗುಜರಿಯ ಬೆಲೆ. ಫಿಯಟ್ ಇಟ್ಟುಕೊಂಡವರು ಬೆಂಗಳೂರಿನಲ್ಲಿ ಬೇಕಾದಷ್ಟು ಜನರಿದ್ದಾರೆ. ಹಳೇ ಮೆಕ್ಯಾನಿಕ್‌ಗಳ ಕಿವಿಗೆ ಹಾಕಿ, ಸುದ್ದಿ ತಾನೇ ಮುಟ್ಟುತ್ತದೆ. ಸ್ಟೀರಿಂಗ್ ಪಕ್ಕದ ಗೇರನ್ನು ತಡವರಿಸದೆ ಹಾಕುವವರಿಗೆ ಐದು ಸಾವಿರ ಕಡಿಮೆಗಾದರೂ ಕೊಡಿ.

ಚಾಸಿಯೇ ತುಕ್ಕು ತಿಂದು ಹೋಗಿದ್ದರೆ ಸರ್ಕಾರದ ನೋಂದಣಿ ಇರುವ ಗುಜರಿ ಕೇಂದ್ರಕ್ಕೇ ಕೊಡಿ. ಕಾರು ಒಪ್ಪಿಸಿದ್ದಕ್ಕೆ ಅವರು ಕೊಡುವ ಠೇವಣಿ ಪ್ರಮಾಣಪತ್ರದಿಂದ ಹೊಸ ಕಾರಿನ ನೋಂದಣಿ ಶುಲ್ಕ ಉಳಿಯುತ್ತದೆ. ರಸ್ತೆ ಬದಿಯ ಗುಜರಿಯವನಿಗೆ ಕೊಟ್ಟರೆ ಕಾರು ಹೋಗುತ್ತದೆ, ಆರ್‌ಸಿ ಮಾತ್ರ ನಿಮ್ಮ ಹೆಸರಲ್ಲೇ ಉಳಿಯುತ್ತದೆ.

ಹೆಸರು ಬದಲಾವಣೆ: ಇಲ್ಲಿ ನಿಧಾನ

ನಮ್ಮ ಭಾವ ತಮ್ಮ ಅಂಬಾಸಡರ್ ಮಾರಿದಾಗ ನಡುವಿನವನೊಬ್ಬ ‘ಎಲ್ಲ ನಾನು ನೋಡ್ಕೋತೀನಿ’ ಅಂದ. ಹೆಸರು ಬದಲಾವಣೆಯ ಖಾಲಿ ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡು ಕಾರು ಒಯ್ದ. ಕಾರು ಎರಡು ಕೈ ದಾಟಿತು, ಹೆಸರು ಬದಲಾಗಲಿಲ್ಲ. ಹದಿನಾಲ್ಕು ತಿಂಗಳ ಮೇಲೆ ಬೇರೆ ಜಿಲ್ಲೆಯ ನ್ಯಾಯಾಲಯದಿಂದ ನೋಟಿಸ್ ಬಂತು. ಆ ಕಾರು ಬೈಕಿಗೆ ಗುದ್ದಿತ್ತು, ವಿಮೆ ಇರಲಿಲ್ಲ. ಕಾನೂನಿನ ಕಣ್ಣಿಗೆ ಮಾಲೀಕರು ಭಾವನೇ. ಸುಪ್ರೀಂ ಕೋರ್ಟ್ 2018ರಲ್ಲಿ ಇದನ್ನೇ ಖಚಿತವಾಗಿ ಹೇಳಿದೆ: ಗಾಡಿ ಯಾರ ಕೈಗೆ ಹೋಗಿದ್ದರೂ, ದಾಖಲೆಯಲ್ಲಿ ಯಾರ ಹೆಸರಿದೆಯೋ ಪರಿಹಾರದ ಹೊಣೆ ಅವರದು. ಭಾವ ಇನ್ನೂ ಆ ಕೇಸಿಗೆ ಅಲೆಯುತ್ತಿದ್ದಾರೆ.

ಆದ್ದರಿಂದ ಖಾಲಿ ಫಾರಮ್ಮಿಗೆ ಸಹಿ ಬೇಡವೇ ಬೇಡ. ಕೊಳ್ಳುವವರ ಹೆಸರು, ವಿಳಾಸ, ತಾರೀಕು ತುಂಬಿದ ಮೇಲೆಯೇ ಪೆನ್ನು ಹಿಡಿಯಿರಿ. ಸಾರಿಗೆ ಇಲಾಖೆಯ ಪರಿವಾಹನ್ ಜಾಲತಾಣದಲ್ಲಿ ಅರ್ಜಿ ಹಾಕುವಾಗ ಇಬ್ಬರೂ ಒಟ್ಟಿಗೆ ಕೂತಿರಿ, ಒಟಿಪಿಯನ್ನು ಫೋನಿನಲ್ಲಿ ಯಾರಿಗೂ ಓದಿ ಹೇಳಬೇಡಿ. ಹಳೇ ಪುಸ್ತಕದ ಗಾಡಿಗಳ ವಿವರ ಕೆಲವು ಸಲ ಕಂಪ್ಯೂಟರಿನಲ್ಲೇ ಇರುವುದಿಲ್ಲ. ಆಗ ಆರ್‌ಟಿಒ ಕಚೇರಿಗೆ ಹೋಗಿ ಬ್ಯಾಕ್‌ಲಾಗ್, ಅಂದರೆ ಬಾಕಿ ಉಳಿದ ಆ ವಿವರ ಏರಿಸಿಕೊಂಡು ಬರಬೇಕು. ಮಾರಿದ 14 ದಿನದೊಳಗೆ ಆರ್‌ಟಿಒಗೆ ತಿಳಿಸುವುದು ನಿಮ್ಮ ಕೆಲಸ, ಕೊಂಡವರಿಗೆ 30 ದಿನ. ಗಾಡಿ ಆಂಧ್ರಕ್ಕೋ ತಮಿಳುನಾಡಿಗೋ ಹೋಗುವುದಾದರೆ ಫಾರಂ 28ರ ನಿರಾಕ್ಷೇಪಣಾ ಪತ್ರವೂ ಬೇಕು.

ಕಾರು ಒಯ್ಯುವಾಗ ತಾರೀಕು, ಗಂಟೆ, ಕಿಲೋಮೀಟರ್ ಬರೆದ ರಸೀದಿಗೆ ಇಬ್ಬರೂ ಸಹಿ ಹಾಕಿ, ಅವರ ಆಧಾರ್ ಪ್ರತಿ ಇಟ್ಟುಕೊಳ್ಳಿ. ಫಾಸ್ಟ್ಯಾಗ್ ಇದ್ದರೆ ಅವತ್ತೇ ಮುಚ್ಚಿಸಿ, ಇಲ್ಲದಿದ್ದರೆ ಅವರ ಟೋಲ್ ನಿಮ್ಮ ಖಾತೆಯಿಂದ ಹೋಗುತ್ತದೆ. ಸ್ವಲ್ಪ ಹಣ ಉಳಿಸಿಕೊಂಡು, ಹೆಸರು ಬದಲಾದ ದಿನ ತೆಗೆದುಕೊಳ್ಳಿ. ಎಂ-ಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದರೆ ಮಾಲೀಕರ ಹೆಸರಿನ ಕೆಲವು ಅಕ್ಷರ ಕಾಣುತ್ತವೆ. ನಾನು ವಾರಕ್ಕೆರಡು ಸಲ ನೋಡುತ್ತಿದ್ದೆ. ಮೂರನೇ ವಾರ ನಮ್ಮ ಹೆಸರಿನ ಜೊತೆಗಿದ್ದ ಅಪ್ಪನ ಇನಿಷಿಯಲ್ ಹೋಗಿ ಬೇರೆ ಅಕ್ಷರ ಬಂದಿತ್ತು. ಅವತ್ತು ರಾತ್ರಿ ಊಟ ಸೇರಲಿಲ್ಲ.

ಕಾರು ಹೊರಡುವ ದಿನ, ಚಳಿಯ ಬೆಳಿಗ್ಗೆ ಚೋಕ್ ಎಷ್ಟು ಎಳೆಯಬೇಕು, ಯಾವ ಬಾಗಿಲನ್ನು ಸ್ವಲ್ಪ ಎತ್ತಿ ಹಾಕಬೇಕು ಎಂದು ಕೊಂಡವರ ಕೈಯಿಂದಲೇ ಮಾಡಿಸಿ ತೋರಿಸಿ. ಬಿಡಿಭಾಗದ ಡಬ್ಬವನ್ನೂ ಕೊಟ್ಟುಬಿಡಿ.

ಹೊಸದು

ಹಳೆಯದರ ಕಾಗದ ಮುಗಿಯುವ ತನಕ ಹೊಸದಕ್ಕೆ ಮುಂಗಡ ಕೊಡಬೇಡಿ. ಅವಸರಕ್ಕೆ ಬಿದ್ದವರೇ ಖಾಲಿ ಫಾರಮ್ಮಿಗೆ ಸಹಿ ಹಾಕುವುದು.

ಊರೊಳಗೆ ಐದಾರು ಕಿಲೋಮೀಟರ್ ಓಡಿಸುವವರಿಗೆ ಡೀಸೆಲ್ ಬೇಡ. ಈಗಿನ ಹೊಗೆ ನಿಯಮದ (ಬಿಎಸ್-6) ಡೀಸೆಲ್ ಗಾಡಿಯ ಮಸಿ ಸೋಸುವ ಫಿಲ್ಟರು ಹೆದ್ದಾರಿಯಲ್ಲಿ ಓಡದಿದ್ದರೆ ಕಟ್ಟಿಕೊಳ್ಳುತ್ತದೆ. ನಾಲ್ಕು ಮೀಟರಿನೊಳಗಿನ, 1200 ಸಿಸಿ ಮೀರದ ಪೆಟ್ರೋಲ್ ಕಾರೇ ಸಾಕು. 2025ರ ಸೆಪ್ಟೆಂಬರ್‌ನಿಂದ ಅದಕ್ಕೆ ಜಿಎಸ್‌ಟಿ ಶೇ 18ಕ್ಕೆ ಇಳಿದಿದೆ. ಅಪಘಾತದಲ್ಲಿ ಕಾರು ಎಷ್ಟು ಸುರಕ್ಷಿತ ಎಂದು ಹೇಳುವ ಭಾರತ್ ಎನ್‌ಕ್ಯಾಪ್ ನಕ್ಷತ್ರ ನೋಡದೆ ಕೊಳ್ಳಬೇಡಿ. ಶೋರೂಮಿನವರು ಹೇರುವ ಟೆಫ್ಲಾನ್ ಕೋಟಿಂಗ್ ಬೇಡ ಎನ್ನಿ.

ಮನೆಯ ಹಿರಿಯರನ್ನು ಕರೆದೊಯ್ಯಿರಿ, ಅದೂ ಸೀರೆ ಪಂಚೆಯಲ್ಲಿ. ಫಿಯಟ್ಟಿನಲ್ಲಿ ಅಮ್ಮ ಹಿಂದಕ್ಕೆ ತಿರುಗಿ ಕೂತು ಆಮೇಲೆ ಎರಡೂ ಕಾಲು ಒಳಗೆ ಎತ್ತಿಕೊಳ್ಳುತ್ತಿದ್ದರು. ಎತ್ತರದ ಎಸ್‌ಯುವಿಯಲ್ಲಿ ಅದು ಆಗಲೇ ಇಲ್ಲ, ನೆರಿಗೆ ಹೊಸ್ತಿಲಿಗೆ ಸಿಕ್ಕಿಕೊಂಡಿತು. ತೀರ ತಗ್ಗಿನ ಕಾರಿನಲ್ಲಿ ಏಳಲು ಮಂಡಿ ಬಿಡಲಿಲ್ಲ. ಸೀಟು ಅವರ ಮಂಡಿಗಿಂತ ಎರಡು ಬೆರಳು ಮೇಲಿದ್ದ ಕಾರು ಸರಿ ಹೋಯಿತು.

ಬಿ.ಎಚ್. ರಸ್ತೆಯಲ್ಲಿ ಎರಡು ಸುತ್ತು ಹಾಕಿಸಿದರೆ ಕಾರು ತಿಳಿಯುವುದಿಲ್ಲ. ದೇವರಾಯನದುರ್ಗದ ಏರಿಗೆ ಹೋಗಬೇಕೆಂದು ಪಟ್ಟು ಹಿಡಿಯಿರಿ. ನಾಲ್ಕು ಜನ ಕೂತು, ಡಿಕ್ಕಿಯಲ್ಲಿ ತೆಂಗಿನಕಾಯಿ ಮೂಟೆ ಇಟ್ಟು, ಎಸಿ ಹಾಕಿ ತಿರುವಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿ. ಕ್ಲಚ್ ವಾಸನೆ ಬಂದರೆ ಆ ಕಾರು ಬೇಡ.

ಡೆಲಿವರಿ ದಿನ ಹಾರ ಹಾಕುವ ಮೊದಲು ಕುಕ್ಕರಗಾಲಿನಲ್ಲಿ ಕೂತು ಐದೂ ಟೈರಿನ ನಾಲ್ಕಂಕಿ ಓದಿ. ಮೊದಲೆರಡು ಟೈರು ತಯಾರಾದ ವಾರ, ಕೊನೆಯೆರಡು ವರ್ಷ. ಹೋದ ವರ್ಷದ್ದಿದ್ದರೆ ಕಾರು ಎಷ್ಟು ದಿನ ಬಿಸಿಲಲ್ಲಿ ನಿಂತಿತ್ತೆಂದು ಕೇಳಿ. ನಿಂಬೆಹಣ್ಣು ಇಡುವುದು ಆಮೇಲೆ.