ಇಲ್ಲಿ ಹಾಲಿಗೆ ಏನು ಕೆಲಸ?

ಅಕ್ಕನ ಮಗನಿಗೆ ಹಾಲಿನ ಅಲರ್ಜಿ ಅಂತ ಗೊತ್ತಾದ ವರ್ಷವೇ ಹಬ್ಬದ ರಜೆಗೆ ಎಲ್ಲರೂ ನಮ್ಮ ಮನೆಗೆ ಬರುವುದೆಂದು ತೀರ್ಮಾನವಾಗಿತ್ತು. ಬೇಕಿಂಗ್ ಹುಚ್ಚು ಇರುವುದು ನನಗೆ. ‘ಬೆಣ್ಣೆ ಬದಲು ಎಣ್ಣೆ, ಹಾಲಿನ ಬದಲು ಬಾದಾಮಿ ಹಾಲು, ಅಷ್ಟೇ ತಾನೇ, ನೀನು ಸುಮ್ನೆ ಬಾ ಅಕ್ಕ’ ಅಂತ ಫೋನಿನಲ್ಲಿ ಧೈರ್ಯ ಹೇಳಿದೆ.

ಅಷ್ಟೇ ಆಗಿರಲಿಲ್ಲ. ಮೊದಲ ತಟ್ಟೆ ಬಿಸ್ಕತ್ತು ಓವನ್ನಿನಲ್ಲಿ ಹರಡಿ, ಒಂದಕ್ಕೊಂದು ಅಂಟಿ, ತಟ್ಟೆಯಗಲದ ಒಂದೇ ಬಿಸ್ಕತ್ತಾಗಿ ಹೊರಗೆ ಬಂತು. ಮುಟ್ಟಿದರೆ ಬೆರಳೆಲ್ಲ ಎಣ್ಣೆ. ಅಕ್ಕನ ಮಗನಿಗೆ ಮಾತ್ರ ಅದು ಮಜಾ ಅನ್ನಿಸಿತು. ‘ಚಿಕ್ಕಮ್ಮ, ಇಷ್ಟು ದೊಡ್ಡದು ನನಗೊಬ್ಬನಿಗೇನಾ?’ ಅಂತ ಕೇಳಿ ಮುರಿದು ತಿಂದ.

ನನ್ನ ತಪ್ಪು ಸರಳ. 200 ಗ್ರಾಂ ಬೆಣ್ಣೆ ಇದ್ದ ಕಡೆ 200 ಗ್ರಾಂ ಎಣ್ಣೆ ಸುರಿದಿದ್ದೆ. ಬೆಣ್ಣೆ ಪೂರ್ತಿ ಕೊಬ್ಬಲ್ಲ. ಅದರಲ್ಲಿ ಕೊಬ್ಬು ಶೇಕಡಾ 80ರಷ್ಟು, ಉಳಿದದ್ದರಲ್ಲಿ ಹೆಚ್ಚಿನ ಪಾಲು ನೀರು, ಸ್ವಲ್ಪ ಹಾಲಿನ ಘನಾಂಶ. ಎಣ್ಣೆಯಾದರೋ ಬರೀ ಕೊಬ್ಬು. ಅಂದರೆ 200 ಗ್ರಾಂ ಬೆಣ್ಣೆಯ ಜಾಗಕ್ಕೆ 160 ಗ್ರಾಂ ಎಣ್ಣೆ ಮತ್ತು ಸುಮಾರು ಎರಡು ದೊಡ್ಡ ಚಮಚ ನೀರು ಸಾಕು. ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಬೆಣ್ಣೆ ಗಟ್ಟಿಯಾಗಿರುತ್ತದೆ, ಬಿಸ್ಕತ್ತು ಬೇಯಲು ಶುರುವಾಗುವ ತನಕ ಅದರ ಆಕಾರ ಹಿಡಿದಿರುತ್ತದೆ. ದ್ರವದ ಎಣ್ಣೆಗೆ ಆ ಕೆಲಸ ಬರುವುದಿಲ್ಲ.

ಆವತ್ತಿನಿಂದ ‘ಹಾಲಿನ ಬದಲು ಏನು ಹಾಕಲಿ’ ಅಂತ ಹುಡುಕುವುದು ಬಿಟ್ಟೆ. ‘ಇಲ್ಲಿ ಹಾಲಿಗೆ ಏನು ಕೆಲಸ’ ಅಂತ ಕೇಳಿಕೊಳ್ಳುತ್ತೇನೆ. ಒಂದೊಂದು ತಿನಿಸಿನಲ್ಲೂ ಉತ್ತರ ಬೇರೆ.

ಬಿಸ್ಕತ್ತಿಗೆ ಈಗ ನಾನು ಬಳಸುವುದು ಗಟ್ಟಿಯಾದ ತೆಂಗಿನೆಣ್ಣೆ, ಅದೂ ವಾಸನೆ ಇರದ ರಿಫೈನ್ಡ್ ಬಗೆಯದು. ಅದು ಸುಮಾರು 24 ಡಿಗ್ರಿಗೇ ಕರಗುತ್ತದೆ. ಹಾಗಾಗಿ ಕಲಸಿದ ಹಿಟ್ಟನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, ತಣ್ಣಗಿರುವಾಗಲೇ ಓವನ್ನಿಗೆ ತಳ್ಳುತ್ತೇನೆ. ಇನ್ನೊಂದು ತೊಂದರೆ ಬಣ್ಣದ್ದು. ಹಾಲಿನಲ್ಲಿರುವ ಪ್ರೋಟೀನು ಮತ್ತು ಲ್ಯಾಕ್ಟೋಸ್ ಸಕ್ಕರೆ ಸೇರಿ ಬಿಸಿಗೆ ಕಂದು ಬಣ್ಣ ಕೊಡುತ್ತವೆ. ಅವಿಲ್ಲದ ಬಿಸ್ಕತ್ತು ಬೆಂದರೂ ಪೇಲವ. ಇನ್ನೂ ಬೆಂದಿಲ್ಲವೇನೋ ಅಂತ ಬಿಟ್ಟು ಎರಡು ಸಲ ಕಲ್ಲು ಮಾಡಿದೆ. ಈಗ ಕಾಲು ಭಾಗ ಕಂದು ಸಕ್ಕರೆ ಹಾಕುತ್ತೇನೆ, ಮೇಲೆ ಸೋಯಾ ಹಾಲು ಸವರುತ್ತೇನೆ.

ಕೇಕಿಗೆ ಬಂದರೆ ಮಾತು ಬೇರೆ. ಬೆಣ್ಣೆ ಮತ್ತು ಸಕ್ಕರೆಯನ್ನು ಸೇರಿಸಿ ನಿಮಿಷಗಟ್ಟಲೆ ಕಡೆಯುವುದು ಒಳಗೆ ಗಾಳಿ ತುಂಬಿಸಲಿಕ್ಕೆ. ಎಣ್ಣೆಯನ್ನು ಎಷ್ಟು ಕಡೆದರೂ ಗಾಳಿ ನಿಲ್ಲುವುದಿಲ್ಲ, ಕೈ ನೋವು ಅಷ್ಟೇ. ಅದಕ್ಕೇ ನಾನು ಬೆಣ್ಣೆ ಕೇಕನ್ನು ಬದಲಿಸಲು ಹೋಗುವುದಿಲ್ಲ. ಮೊದಲಿನಿಂದಲೂ ಹಾಲು, ಬೆಣ್ಣೆ ಇಲ್ಲದೆಯೇ ಮಾಡುವ ಕೇಕನ್ನು ಹುಡುಕುತ್ತೇನೆ. ನನ್ನ ಕೈ ಹಿಡಿದದ್ದು ವಿನೆಗರ್ ಹಾಕುವ ಚಾಕೊಲೇಟ್ ಕೇಕ್. ಒಂದೂವರೆ ಕಪ್ ಮೈದಾ, ಒಂದು ಕಪ್ ಸಕ್ಕರೆ, ಕಾಲು ಕಪ್ ಕೋಕೋ ಪುಡಿ, ಒಂದು ಟೀ ಚಮಚ ಅಡುಗೆ ಸೋಡಾ, ಅರ್ಧ ಟೀ ಚಮಚ ಉಪ್ಪು, ಎಲ್ಲ ಜರಡಿ ಹಿಡಿಯಬೇಕು. ಇದಕ್ಕೆ 80 ಮಿಲಿ ಎಣ್ಣೆ, ಒಂದು ದೊಡ್ಡ ಚಮಚ ವಿನೆಗರ್, ಒಂದು ಕಪ್ ನೀರು, ಸ್ವಲ್ಪ ವೆನಿಲಾ. ಗಂಟು ಹೋಗುವಷ್ಟು ಮಾತ್ರ ಕಲಸಿ, 20 ಸೆಂಟಿಮೀಟರಿನ ಪಾತ್ರೆಗೆ ಸುರಿದು, 180 ಡಿಗ್ರಿಯಲ್ಲಿ 30ರಿಂದ 35 ನಿಮಿಷ. ಓವನ್ ಮೊದಲೇ ಬಿಸಿಯಾಗಿರಲೇಬೇಕು. ವಿನೆಗರ್ ಸೋಡಾಕ್ಕೆ ತಾಗಿದ ಕೂಡಲೇ ಗುಳ್ಳೆ ಏಳಲು ಶುರು. ಒಮ್ಮೆ ಹಿಟ್ಟು ಕಲಸಿಟ್ಟು ನೆಂಟರ ಜೊತೆ ಮಾತಿಗೆ ನಿಂತೆ. ಕೇಕ್ ಏಳಲೇ ಇಲ್ಲ.

ಮಜ್ಜಿಗೆ ಕೇಳುವ ಕೇಕಿನಲ್ಲಿ ಮಜ್ಜಿಗೆಯ ಕೆಲಸ ಹುಳಿ ಕೊಡುವುದು. ಒಂದು ಕಪ್ ಸೋಯಾ ಹಾಲಿಗೆ ಒಂದು ದೊಡ್ಡ ಚಮಚ ನಿಂಬೆರಸ ಹಾಕಿ ಹತ್ತು ನಿಮಿಷ ಬಿಟ್ಟರೆ ಒಡೆದು ಮಂದವಾಗುತ್ತದೆ. ಸೋಯಾದಲ್ಲಿ ಪ್ರೋಟೀನು ಜಾಸ್ತಿ, ಅದಕ್ಕೇ ಹೀಗೆ. ಬಾದಾಮಿ ಹಾಲು ಅಷ್ಟು ಚೆನ್ನಾಗಿ ಒಡೆಯುವುದಿಲ್ಲ. ಹುಳಿ ಹಾಕುವುದನ್ನೇ ಮರೆತರೆ ಸೋಡಾ ಹಾಗೇ ಉಳಿದು ಕೇಕಿಗೆ ಸಾಬೂನಿನ ರುಚಿ ಬರುತ್ತದೆ.

ಮೊಟ್ಟೆ ಹಾಲಿನ ಪದಾರ್ಥ ಅಲ್ಲ, ಇದನ್ನು ಪ್ರತಿ ಹಬ್ಬಕ್ಕೂ ಯಾರಿಗಾದರೂ ಹೇಳಬೇಕಾಗುತ್ತದೆ. ಕೋಕೋ ಬಟರ್ ಹೆಸರಲ್ಲಿ ಬಟರ್ ಇದ್ದರೂ ಅದು ಕೋಕೋ ಬೀಜದ್ದೇ ಕೊಬ್ಬು. ಆದರೆ ಲ್ಯಾಕ್ಟೋಸ್ ಇಲ್ಲದ ಹಾಲು ಅಲರ್ಜಿಯವರಿಗೆ ಆಗುವುದಿಲ್ಲ. ಅದರಲ್ಲಿ ಒಡೆದಿರುವುದು ಸಕ್ಕರೆ ಮಾತ್ರ, ಅಲರ್ಜಿ ತರುವ ಪ್ರೋಟೀನು ಅಲ್ಲೇ ಇರುತ್ತದೆ. ತುಪ್ಪದಲ್ಲೂ ಪ್ರೋಟೀನಿನ ಚೂರುಪಾರು ಉಳಿದಿರಬಹುದು, ಹಾಗಾಗಿ ಅವನಿಗೆ ಅದೂ ಇಲ್ಲ. ಬೆಣ್ಣೆಯ ಬದಲು ಬಳಸುವ ಮಾರ್ಗರೀನ್ ಅಂದರೆ ಬರೀ ಗಿಡದ ಎಣ್ಣೆ ಅಂತ ನಂಬಿದ್ದೆ. ಚೀಟಿಯಲ್ಲಿ ‘ವೇ’ ಅಂತ ಇದ್ದದ್ದನ್ನು ಅಕ್ಕ ನೋಡಿ ತೋರಿಸಿದಳು. ಹಾಲು ಒಡೆದಾಗ ಉಳಿಯುವ ನೀರಿನಿಂದ ಬಂದದ್ದು ಅದು. 1869ರಲ್ಲಿ ಫ್ರಾನ್ಸಿನ ಮೇಜ್ ಮೂರಿಯೆಸ್ ಮೊದಲ ಮಾರ್ಗರೀನ್ ಮಾಡಿದ್ದೇ ದನದ ಕೊಬ್ಬು ಮತ್ತು ಹಾಲು ಸೇರಿಸಿಯಂತೆ. ನನ್ನ ನಂಬಿಕೆಗೆ ಬುಡವೇ ಇರಲಿಲ್ಲ. ಕೇಸೀನ್, ಕೇಸಿನೇಟ್, ವೇ, ಹಾಲಿನ ಪ್ರೋಟೀನು ಇದೆ ಅಂತ ಹೇಳುವ ಈ ಮೂರು ಪದ ಕಂಡರೆ ಡಬ್ಬಿ ವಾಪಸ್ ಇಡುತ್ತೇನೆ. ‘ನಾನ್ ಡೈರಿ’ ಅಂತ ದೊಡ್ಡದಾಗಿ ಬರೆದಿರುವ ಕಾಫಿಗೆ ಹಾಕುವ ಕೆಲವು ಕ್ರೀಮು ಪುಡಿಗಳಲ್ಲೂ ಕೇಸಿನೇಟ್ ಇರುತ್ತದೆ. ಡಾರ್ಕ್ ಚಾಕೊಲೇಟನ್ನೂ ಓದದೆ ತರಬೇಡಿ.

ಉಪ್ಪಿನ ಅಡುಗೆ ಸುಲಭ ಅಂದುಕೊಂಡಿದ್ದೆ. ವೈಟ್ ಸಾಸ್ ಮಾಡಲು ಮೈದಾವನ್ನು ಎಣ್ಣೆಯಲ್ಲಿ ಹುರಿದು ಓಟ್ಸ್ ಹಾಲು ಹಾಕಿದೆ. ಮಂದವಾಗಿ, ಹೊಳೆಯುತ್ತಾ ಬಂತು. ಬೆಳ್ಳುಳ್ಳಿ, ಮೆಣಸು ಎಲ್ಲ ಹಾಕಿ ರುಚಿ ನೋಡಿದರೆ ಐಸ್‌ಕ್ರೀಮು! ಸಿಹಿ ಹಾಕಿದ ವೆನಿಲಾ ಪ್ಯಾಕೆಟ್ ಒಡೆದಿದ್ದೆ. ನೆಂಟರು ಬಾಗಿಲಲ್ಲಿ, ಸಾಸ್ ಸಿಂಕಿನಲ್ಲಿ. ಆಲೂಗಡ್ಡೆ ಹಿಸುಕುವಾಗ ಮಾತ್ರ ಹಾಲಿನ ನೆನಪೂ ಬರುವುದಿಲ್ಲ. ಅದು ಬೆಂದ ನೀರನ್ನೇ ಒಂದು ಸೌಟು ಎತ್ತಿಟ್ಟು, ಆಲಿವ್ ಎಣ್ಣೆ ಜೊತೆ ಹಾಕಿ ಹಿಸುಕಿದರೆ ನುಣ್ಣಗೆ ಬರುತ್ತದೆ.

ಕ್ರೀಮಿಗೆ ತೆಂಗಿನಹಾಲಿನ ಡಬ್ಬಿಯನ್ನು ರಾತ್ರಿಯಿಡೀ ಫ್ರಿಜ್ಜಿನಲ್ಲಿಡುತ್ತೇನೆ. ಅಲುಗಾಡಿಸದೆ ತೆರೆದು ಮೇಲಿನ ಗಟ್ಟಿ ಭಾಗವನ್ನಷ್ಟೇ ತೆಗೆದು, ಪುಡಿಸಕ್ಕರೆ ಹಾಕಿ ಕಡೆಯುವುದು. ಗೋರಿಕಾಯಿ ಬೀಜದ ಅಂಟು (ಗ್ವಾರ್ ಗಮ್) ಬೆರೆಸಿದ ಡಬ್ಬಿಗಳಲ್ಲಿ ಹಾಲು ಸರಿಯಾಗಿ ಬೇರೆಯಾಗುವುದಿಲ್ಲ. ಪಾತ್ರೆಯೂ ತಣ್ಣಗಿರಲಿ. ಮೊದಲ ಸಲ ಓವನ್ ಪಕ್ಕದಲ್ಲೇ ನಿಂತು ಕಡೆದಿದ್ದೆ, ಕೇಕಿನ ಮೇಲಿಂದ ನಿಧಾನಕ್ಕೆ ಜಾರಿ ಮೇಜಿಗೆ ಬಂತು. ಗೋಡಂಬಿ ನೆನೆಸಿ ರುಬ್ಬಿದ ಕ್ರೀಮು ಇದಕ್ಕಿಂತ ರುಚಿ, ಆದರೆ ಬರುವವರಲ್ಲಿ ಯಾರಿಗೂ ಬೀಜಗಳ ಅಲರ್ಜಿ ಇಲ್ಲವೆಂದು ಕೇಳಿಕೊಂಡೇ ಮಾಡಬೇಕು.

ಮೊದಲ ವರ್ಷ ಅವನಿಗೆ ಬೇರೆ ತಟ್ಟೆ, ನಮಗೆ ಬೇರೆ ತಟ್ಟೆ ಅಂತ ಮಾಡಿದ್ದೆ. ಒಂದೇ ಸೌಟು ಎರಡಕ್ಕೂ ಹೋಗದಂತೆ ಕಾಯುವುದೇ ದಿನದ ಕೆಲಸವಾಯಿತು. ಊಟದ ಹೊತ್ತಿಗೆ ಅವನು ತನ್ನ ತಟ್ಟೆ ಹಿಡಿದು ಮೂಲೆಯಲ್ಲಿ ಕೂತಿದ್ದ. ಈಗ ಆ ದಿನ ಅಡುಗೆಮನೆಗೆ ಬೆಣ್ಣೆ ಬರುವುದೇ ಇಲ್ಲ. ಕಾಫಿಗೆ ಹಾಲು ಬೇಕು ಅನ್ನುವವರು ಗೊಣಗುತ್ತಾರೆ, ಗೊಣಗಲಿ.

ಸೋತದ್ದು ಒಂದಿದೆ, ಪಫ್. ಪದರ ಪದರವಾಗಿ ಬರಲು ಹಿಟ್ಟಿನ ಮಧ್ಯೆ ಇಡುವ ಕೊಬ್ಬು ತಣ್ಣಗಿದ್ದೂ ಬಗ್ಗಬೇಕು. ತೆಂಗಿನೆಣ್ಣೆ ಫ್ರಿಜ್ಜಿನಲ್ಲಿಟ್ಟರೆ ಗಾಜಿನಂತೆ ಒಡೆದು ಹಿಟ್ಟನ್ನೇ ಹರಿದುಹಾಕುತ್ತದೆ, ಹೊರಗಿಟ್ಟರೆ ಸೋರಿಹೋಗುತ್ತದೆ. ಎರಡು ವರ್ಷ ಪ್ರಯತ್ನಿಸಿದೆ, ಎರಡು ವರ್ಷವೂ ಗಟ್ಟಿ ರೊಟ್ಟಿ. ಈ ಸಲ ತೆಂಗಿನೆಣ್ಣೆಗೆ ಕಾಲು ಭಾಗ ಮಾಮೂಲಿ ಎಣ್ಣೆ ಬೆರೆಸಿ ಫ್ರಿಜ್ಜಿನಲ್ಲಿ ಇಟ್ಟಿದ್ದೇನೆ. ಬೆಳಿಗ್ಗೆ ತೆಗೆದು ಬಗ್ಗಿಸಿ ನೋಡಬೇಕು.